ಬೀದಿ ಛಾಯಾಗ್ರಹಣಕ್ಕೆ ಕ್ಯಾಮೆರಾ: ಮುಂಬಯಿಯಲ್ಲಿ ಏನನ್ನು ಆಯ್ದುಕೊಳ್ಳಬೇಕು?

ನಸುಕಿನಲ್ಲಿ ದಾದರ್ ಹೂವಿನ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರಿಗೆ ಒಂದು ಸಂಗತಿ ಬೇಗನೆ ಮನವರಿಕೆಯಾಗುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತವರ ಆ ನೂಕುನುಗ್ಗಲಿನಲ್ಲಿ ದೊಡ್ಡ ಕ್ಯಾಮೆರಾಕ್ಕೆ ಸ್ಥಳವಿಲ್ಲ. ಉದ್ದನೆಯ ಲೆನ್ಸ್ ಕಂಡೊಡನೆ ಜನರ ಮುಖಭಾವವೇ ಬದಲಾಗುತ್ತದೆ.

ಬೀದಿ ಛಾಯಾಗ್ರಹಣದ ಚರಿತ್ರೆಯೂ ಸಣ್ಣ ಕ್ಯಾಮೆರಾದ ಚರಿತ್ರೆಯೇ. 1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಬೆಳಕಿಗೆ ಬಂದಿತು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸ್ಸೋನ್ ಬಹುಪಾಲು ಕೆಲಸವನ್ನು ಲೈಕಾ ಮತ್ತು 50 ಮಿ.ಮೀ. ಲೆನ್ಸಿನಲ್ಲೇ ಮಾಡಿದರು. ನಮ್ಮ ಮುಂಬಯಿಯನ್ನು ವರ್ಣದಲ್ಲಿ ಸೆರೆಹಿಡಿದ ರಘುಬೀರ್ ಸಿಂಗ್ (1942–1999) ಅವರ ಪುಸ್ತಕ 1994ರಲ್ಲಿ ಪ್ರಕಟವಾಯಿತು. ಅದನ್ನು ಒಮ್ಮೆ ನೋಡದೆ ಅಂಗಡಿಗೆ ಹೋಗಬಾರದೆಂದು ನಾವು ಹೇಳುತ್ತೇವೆ.

ಮೊದಲು ನಿರ್ಧರಿಸಬೇಕಾದುದು ಲೆನ್ಸು. 28 ಮಿ.ಮೀ. ಲೆನ್ಸು ಗಲ್ಲಿಯನ್ನೇ ತುಂಬಿಕೊಳ್ಳುತ್ತದೆ, ಆದರೆ ಹತ್ತಿರ ಹೋಗುವ ಧೈರ್ಯ ಬೇಕು. 50 ಮಿ.ಮೀ. ಮುಖಗಳಿಗೆ ಚೆನ್ನ. ಎರಡರ ನಡುವಿನ 35 ಹೊಸಬರಿಗೆ ಉಚಿತ. ಇವು ಫುಲ್‌ಫ್ರೇಮ್ ಲೆಕ್ಕ. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇದ್ದರೆ 23 ಅಥವಾ 24 ಮಿ.ಮೀ. ಲೆನ್ಸು ಆ 35ಕ್ಕೆ ಸಮ. ಜೂಮ್ ಬೇಡವೆಂದೇ ನಮ್ಮ ಅಭಿಪ್ರಾಯ.

ರಿಕೋ ಜಿಆರ್ 3 (2019) ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ, 28ರ ನೋಟ ಕೊಡುತ್ತದೆ. ಫ್ಯೂಜಿಫಿಲ್ಮ್ ಎಕ್ಸ್100-6 (2024) 35ರ ನೋಟದ್ದು. ಬೆಲೆ ಮಾತ್ರ ಮಧ್ಯಮವರ್ಗದವರನ್ನು ಬೆಚ್ಚಿಬೀಳಿಸುವಂಥದ್ದು. ಮನೆಯಲ್ಲಿ ಹಳೆಯ ಡಿಜಿಟಲ್ ಕ್ಯಾಮೆರಾ ಇದ್ದರೆ ಒಂದು ಸಣ್ಣ ಸ್ಥಿರ ಲೆನ್ಸು ಕೊಂಡರೆ ಸಾಕು.

ಫೋಕಸಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಫುಲ್‌ಫ್ರೇಮಿನಲ್ಲಿ 28 ಮಿ.ಮೀ. ಲೆನ್ಸನ್ನು ಎಫ್/8ಕ್ಕಿಟ್ಟು, ಫೋಕಸನ್ನು ಎರಡೂವರೆ ಮೀಟರಿಗೆ ನಿಲ್ಲಿಸಿದರೆ, ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಕ್ಯಾಮೆರಾ ಫೋಕಸ್ ಹುಡುಕುವಷ್ಟರಲ್ಲಿ ಕಳೆದುಹೋಗುವ ಕ್ಷಣ ಹೀಗೆ ಉಳಿಯುತ್ತದೆ. ನಡೆಯುವವರಿಗೆ ಶಟರ್ ವೇಗ 1/250 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ನೆರಳಿನಲ್ಲಿ ಐಎಸ್‌ಒ ಏರಿಸಲು ಅಂಜಬೇಕಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಕರ್ಷಕ ನಿಜ, ಆದರೆ ಓಡುವ ಲೋಕಲ್ ರೈಲನ್ನು ಅದು ಓರೆಯಾಗಿಸಬಹುದು, ಕೆಲವು ಎಲ್‌ಇಡಿ ದೀಪಗಳಡಿ ಪಟ್ಟೆಗಳನ್ನೂ ಮೂಡಿಸಬಹುದು.

ಇನ್ನು ನಮ್ಮೂರಿನ ಮಳೆಗಾಲ. ಮೇಲಿನ ರಿಕೋಗೆ ನೀರು, ಧೂಳಿನ ರಕ್ಷಣೆಯಿಲ್ಲ. ಫ್ಯೂಜಿಗೆ ಅಡಾಪ್ಟರ್ ಉಂಗುರ ಮತ್ತು ಫಿಲ್ಟರ್ ಹಾಕಿದರೆ ಮಾತ್ರ ಆ ರಕ್ಷಣೆ ಪೂರ್ಣವಾಗುತ್ತದೆ. ತುಂತುರಿಗಿಂತ ಕೆಟ್ಟದ್ದು ತೇವ. ಮಳೆಗಾಲವಿಡೀ ಚರ್ಮದ ಚೀಲದಲ್ಲಿ, ಕಪಾಟಿನ ಕತ್ತಲಲ್ಲಿ ಮಲಗಿದ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಗಾಜಿನ ಲೇಪನವನ್ನೇ ತಿಂದುಹಾಕಿದರೆ ಮತ್ತೆ ಸರಿಹೋಗದು. ಗಾಳಿಯಾಡದ ಅಡುಗೆ ಡಬ್ಬಿ, ಅದರಲ್ಲೊಂದಿಷ್ಟು ಸಿಲಿಕಾ ಜೆಲ್: ಇಷ್ಟರ ಖರ್ಚು ಹೊಸ ಲೆನ್ಸಿನ ಮುಂದೆ ಏನೂ ಅಲ್ಲ. ಹಳೆಯ ಲೆನ್ಸು ಕೊಳ್ಳುವವರು ಟಾರ್ಚ್ ಬೆಳಕನ್ನು ಹಾಯಿಸಿ ಒಳಗಿನ ಗಾಜನ್ನು ಪರೀಕ್ಷಿಸಿಯೇ ಹಣ ಕೊಡಬೇಕು.

ಯಾರಾದರೂ ಕೈಯಾಡಿಸಿ ಬೇಡವೆಂದರೆ ಕ್ಯಾಮೆರಾ ಕೆಳಗಿಳಿಸಿ. ಮರುದಿನವೂ ಅದೇ ಮಾರುಕಟ್ಟೆಗೆ ಹೋಗುವುದಿದೆಯಲ್ಲ.