ಬೈರಿಗೆಯ ಬಾಯಿ

ಮರಕ್ಕೆ ಮೊಳೆ ಹೊಡೆಯುವುದು ಒಂದೇ ಕೆಲಸ. ಸ್ಕ್ರೂ ಕೂರಿಸುವುದು ಮೂರು ಕೆಲಸ. ಮೊದಲು, ಸುರುಳಿ ಬಿಟ್ಟು ಸ್ಕ್ರೂವಿನ ಒಡಲು ಎಷ್ಟು ದಪ್ಪವೋ ಅಷ್ಟೇ ತೂತು ಕೊರೆಯಬೇಕು. ಇಲ್ಲವಾದರೆ ಹಲಗೆ ಸೀಳು ಬಿಡುತ್ತದೆ. ಆಮೇಲೆ ಸ್ಕ್ರೂವಿನ ತಲೆ ಮರದ ಮೈಗೆ ಸಮನಾಗಿ ಕೂರುವಂತೆ ತೂತಿನ ಬಾಯನ್ನು ಬಟ್ಟಲಿನ ಹಾಗೆ ಅಗಲಿಸಬೇಕು. ಕೊನೆಗೆ ತಿರುಗಿಸಿ ಬಿಗಿಯಬೇಕು. ಮೂರು ಕೆಲಸಕ್ಕೆ ಮೂರು ಮೊನೆ. ಒಂದು ಮೊನೆ ತೆಗೆದು ಇನ್ನೊಂದು ಹಾಕುವ ಈ ತಾಪತ್ರಯವನ್ನು ಮನುಷ್ಯ ಹೇಗೆ ಹಗುರ ಮಾಡಿಕೊಂಡ ಎಂಬುದೂ ಇತಿಹಾಸವೇ. ಆದರೆ ನಾವು ಶಾಲೆಯಲ್ಲಿ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸುತ್ತೇವೆಯೇ ಹೊರತು ಇದನ್ನು ಹೇಳುವುದಿಲ್ಲ.

ಕೊರೆಯುವ ವಿದ್ಯೆ ಬಹಳ ಹಳೆಯದು. ಈಜಿಪ್ಟಿನ ಥೀಬ್ಸ್‌ನಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಗೋರಿಯ ಗೋಡೆಯ ಮೇಲೆ, ಸುಮಾರು 3400 ವರ್ಷಗಳ ಹಿಂದಿನ ಚಿತ್ರದಲ್ಲಿ, ಬಡಗಿಯೊಬ್ಬ ಬಿಲ್ಲು ಎಳೆದು ಬೈರಿಗೆ ಆಡಿಸುತ್ತಿದ್ದಾನೆ. ನಮ್ಮ ಆಚಾರಿಗಳು ಬಳಸಿದ ಬಿಲ್ಲು-ಬೈರಿಗೆಯೂ ಅದೇ ಜಾತಿಯದು. ಆದರೆ ಬಿಲ್ಲು ಹಿಂದೆ ಮುಂದೆ ಎಳೆದಂತೆ ಬೈರಿಗೆಯೂ ಹಿಂದೆ ಮುಂದೆ ತಿರುಗುತ್ತದೆ. ಅದರಿಂದ ತೂತು ಕೊರೆಯಬಹುದು, ಸ್ಕ್ರೂ ಕೂರಿಸಲಾಗದು. ಅರ್ಧ ಒಳಹೋದದ್ದು ಮತ್ತೆ ಹೊರಗೆ ಬರುತ್ತದೆ! ಒಂದೇ ದಿಕ್ಕಿಗೆ ಸುತ್ತುವ ಹಿಡಿಯ ಬೈರಿಗೆ ಯುರೋಪಿನಲ್ಲಿ ಬಳಕೆಗೆ ಬಂದದ್ದನ್ನು 15ನೆಯ ಶತಮಾನದ ಚಿತ್ರಗಳಲ್ಲಿ ಕಾಣಬಹುದು.

1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತು. 1902ರಲ್ಲಿ ಅಮೆರಿಕದ ಆರ್ಥರ್ ಜೇಕಬ್ಸ್ ಕೀಲಿ ತಿರುಗಿಸಿ ಬಿಗಿಯುವ ಚಕ್ಕಿಗೆ ಪೇಟೆಂಟ್ ಪಡೆದ. ಚಕ್ ಎಂದರೆ ಮೊನೆಯನ್ನು ಕಚ್ಚಿ ಹಿಡಿಯುವ ಬಾಯಿ. ಬ್ಲಾಕ್ ಅಂಡ್ ಡೆಕರ್ ಕಂಪನಿ ಪಿಸ್ತೂಲಿನಂಥ ಹಿಡಿ ಮತ್ತು ಕುದುರೆಗೆ ಪೇಟೆಂಟ್ ಪಡೆದದ್ದು 1917ರಲ್ಲಿ. ಆದರೂ ಮೊನೆ ಬದಲಿಸಲು ಪ್ರತಿಸಲವೂ ಕೀಲಿ ಬೇಕು. ಅದು ಕಳೆದುಹೋಗದಂತೆ ಡ್ರಿಲ್ಲಿನ ವಯರಿಗೇ ದಾರದಿಂದ ಕಟ್ಟಿದ್ದನ್ನು ನೀವೂ ನೋಡಿರುತ್ತೀರಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಗಳಲ್ಲಿ ಡ್ರಿಲ್ ಹಿಡಿದವರಲ್ಲಿ ಹೆಂಗಸರು ಬಹಳ ಮಂದಿ. 1945ರಲ್ಲಿ ಯುದ್ಧ ಮುಗಿಯಿತು, ಅವರಲ್ಲಿ ಅನೇಕರ ಕೆಲಸವೂ ಹೋಯಿತು. ಮರುವರ್ಷವೇ ಮನೆಬಳಕೆಯ ಡ್ರಿಲ್ ಅಂಗಡಿಗೆ ಬಂತು. ಆದರೆ ಮನೆಯ ಮರಗೆಲಸ ಅಲ್ಲಿ ಗಂಡಸರ ಹವ್ಯಾಸವೆಂದೇ ಬೆಳೆಯಿತು. ವಿಮಾನಕ್ಕೆ ತೂತು ಕೊರೆದ ಕೈ ಮನೆಯ ಕಪಾಟಿಗೆ ಕೊರೆಯಲಾರದೆ? ಈ ಪ್ರಶ್ನೆ ನಮ್ಮ ಊರುಗಳಿಗೂ ಸಲ್ಲುತ್ತದೆ. ಕಳಚಿದ ಕದದ ಕೀಲಿಗಾಗಿ ನಾವು ವಾರಗಟ್ಟಲೆ ಯಾರಾದರೂ ಗಂಡಸರಿಗೆ ಬಿಡುವಾಗಲೆಂದು ಕಾಯುತ್ತೇವೆ.

ಈಗ ಸಿಗುವ ಬದಲಿ ಮೊನೆಗಳ ಉಪಾಯ ಸರಳ. ಮೊನೆಗಳ ಬುಡವೆಲ್ಲ ಕಾಲು ಇಂಚಿನ ಆರು ಮೂಲೆಯದು, ಅದರ ಸುತ್ತ ಒಂದು ಗಾಡಿ. ಹಿಡಿಕೆಯ ಬಳೆಯನ್ನು ಸರಿಸಿದರೆ ಒಳಗಿನ ಉಕ್ಕಿನ ಗುಂಡು ಸಡಿಲವಾಗುತ್ತದೆ. ಮೊನೆ ತೂರಿಸಿ ಬಳೆ ಬಿಟ್ಟರೆ ಗುಂಡು ಗಾಡಿಯಲ್ಲಿ ಕೂತು ಕಚ್ಚಿಕೊಳ್ಳುತ್ತದೆ. ಕೀಲಿ ಬೇಡ. ಇನ್ನೊಂದು ಬಗೆಯಲ್ಲಿ ಒಂದು ತುದಿಗೆ ಕೊರೆಯುವ ಮೊನೆ, ಇನ್ನೊಂದು ತುದಿಗೆ ಸ್ಕ್ರೂಡ್ರೈವರ್, ತಿರುವಿ ಹಾಕಿದರಾಯಿತು. ಸ್ಕ್ರೂವಿನ ತಲೆಯಲ್ಲಿ ಒಂದೇ ಗೀರಿದ್ದರೆ ಮೊನೆ ಜಾರುತ್ತದೆ. 1930ರ ದಶಕದಲ್ಲಿ ಹೆನ್ರಿ ಫಿಲಿಪ್ಸ್ ಪ್ರಚಾರಕ್ಕೆ ತಂದ ಸ್ಟಾರ್ ಸ್ಕ್ರೂವಿನಲ್ಲಿ ಮೊನೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ.

ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಗಂಟು ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಇದನ್ನು ಹಿಡಿಯಬೇಕು. ಮೊನೆ ಬದಲಿಸುವಾಗ ಪ್ಲಗ್ ಕಿತ್ತಿರಬೇಕು. ಗಟ್ಟಿ ಮರವಾದರೆ ಸ್ಕ್ರೂವಿಗೆ ಚೂರು ಮೇಣ ಸವರಿ, ನಿಧಾನವಾಗಿ ತಿರುಗಿಸಿ, ತಲೆ ಕೂತೊಡನೆ ಬೆರಳು ಬಿಡಬೇಕು. ಯಾವ ಮರ ಎಲ್ಲಿ ಸೀಳುತ್ತದೆಂಬ ಆಚಾರಿಯ ತಿಳಿವನ್ನು ಯಾವ ಯಂತ್ರವೂ ಕೊಡುವುದಿಲ್ಲ; ಅದನ್ನು ಅವರಿಂದಲೇ ಕೇಳಿ ಕಲಿಯಬೇಕು. ಆದರೆ ತೋಳಿನ ಬಲ ಇಲ್ಲವೆಂಬ ನೆಪ ಇನ್ನು ಸಲ್ಲದು. ಬೇಕಾದದ್ದು ಕಣ್ಣಳತೆ. ಚುಕ್ಕಿ ಇಟ್ಟು ರಂಗೋಲಿ ಎಳೆದವರಿಗೆ ಅದೇನು ಹೊಸದೆ?