ಹೊಸ್ತಿಲ ಒಳಗಿನ ಕತ್ತಿ

ಒಂದು ದಿನ ಒಂಬತ್ತನೇ ತರಗತಿಯಲ್ಲಿ ಜಪಾನಿನ ಸಮುರಾಯ್ ಯೋಧರ ವಿಷಯ ಹೇಳುತ್ತಿದ್ದೆ. ಕತ್ತಿಯ ಮಾತು ಬಂದರೆ ಸಾಕು, ಗಂಡುಹುಡುಗರ ಬೆನ್ನು ನೆಟ್ಟಗಾಗುತ್ತದೆ. ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡ ಯೋಧನನ್ನು ಬೋರ್ಡಿನ ಮೇಲೆ ನನಗೆ ಬಂದ ಹಾಗೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಉದ್ದದ್ದು ಯುದ್ಧಕ್ಕೆ. ಗಿಡ್ಡದು ಯಾಕೆ?” ಎಂದಳು. ನನಗೆ ಅರ್ಧ ಉತ್ತರ ಗೊತ್ತಿತ್ತು. ಉಳಿದರ್ಧವನ್ನು ಮನೆಗೆ ಬಂದು ಓದಿದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಉದ್ದನೆಯದರ ಹೆಸರು ಕತಾನಾ. ಅಲಗು ಸುಮಾರು ಎರಡು ಅಡಿಗಿಂತ ಹೆಚ್ಚು. ಗಿಡ್ಡದು ವಾಕಿಜಾಶಿ, ಒಂದರಿಂದ ಎರಡು ಅಡಿ. ಅದಕ್ಕೂ ಚಿಕ್ಕದು, ಅಡಿಗೋಲಿನಷ್ಟೂ ಉದ್ದವಿಲ್ಲದ ಬಾಕು, ತಾಂತೊ. 1603ರಿಂದ 1868ರವರೆಗಿನ ತೋಕುಗಾವಾ ಆಳ್ವಿಕೆಯಲ್ಲಿ ಉದ್ದ, ಗಿಡ್ಡ ಕತ್ತಿಗಳ ಜೋಡಿಯನ್ನು ಧರಿಸುವುದು ಸಮುರಾಯ್‌ಗಳ ಹೆಗ್ಗುರುತಾಗಿತ್ತು. ವ್ಯಾಪಾರಿಗಳು ಪ್ರಯಾಣದಲ್ಲಿ ಗಿಡ್ಡದೊಂದನ್ನು ಇಟ್ಟುಕೊಳ್ಳಬಹುದಿತ್ತು.

ಇನ್ನೊಬ್ಬರ ಮನೆಗೆ ಹೋದ ಯೋಧ, ನಾವು ಚಪ್ಪಲಿ ಬಿಡುವ ಹಾಗೆ, ಉದ್ದ ಕತ್ತಿಯನ್ನು ಬಾಗಿಲಲ್ಲೇ ಬಿಡುತ್ತಿದ್ದ. ಗಿಡ್ಡದು ಮಾತ್ರ ಒಳಗೂ ಸೊಂಟದಲ್ಲೇ ಇರುತ್ತಿತ್ತು. 1701ರಲ್ಲಿ ಎದೋ ಕೋಟೆಯೊಳಗೆ ಅಸಾನೊ ನಾಗಾನೊರಿ ಎಂಬ ಪಾಳೆಯಗಾರ ಕಿರಾ ಎಂಬ ಅಧಿಕಾರಿಯ ಮೇಲೆ ಸಿಟ್ಟಿನಲ್ಲಿ ಹಿರಿದದ್ದು ಗಿಡ್ಡ ಕತ್ತಿಯನ್ನೇ. ಕಿರಾ ಗಾಯಗೊಂಡು ಉಳಿದ. ಅಸಾನೊಗೆ ಅದೇ ದಿನ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆಯಾಯಿತು. ಸೆಪ್ಪುಕು ಎನ್ನುವ ಆ ಸಾವಿಗೂ ಬೇಕಾದದ್ದು ಗಿಡ್ಡ ಅಲಗೇ.

ಇದು ಗಂಡಸರ ಮಾತಾಯಿತು. ಸಮುರಾಯ್ ಮನೆಯ ಹೆಂಗಸರ ಉಡುಪಿನ ಮಡಿಕೆಯಲ್ಲಿ ಕೈಕೆನ್ ಎಂಬ ಪುಟ್ಟ ಬಾಕು ಇರುತ್ತಿತ್ತು. ಮೈಮೇಲೆ ಬಂದವನನ್ನು ಇರಿಯಲು ಅದು ಬೇಕು. ಆಗದಿದ್ದರೆ ತನ್ನ ಕುತ್ತಿಗೆಯನ್ನೇ ಕೊಯ್ದುಕೊಳ್ಳಲೂ ಅದೇ ಬೇಕು. ಸತ್ತು ಬಿದ್ದಾಗ ಮೈ ಅಸ್ತವ್ಯಸ್ತವಾಗಿ ಕಾಣಬಾರದೆಂದು ಮೊದಲೇ ಕಾಲು ಕಟ್ಟಿಕೊಳ್ಳಬೇಕಿತ್ತು. ಸಾಯುವ ಗಳಿಗೆಯಲ್ಲೂ ಸೆರಗಿನ ಚಿಂತೆ ತಪ್ಪಲಿಲ್ಲ ನೋಡಿ!

1868ರ ಅಕ್ಟೋಬರಿನಲ್ಲಿ ಹೊಸ ಸರ್ಕಾರದ ಸೈನ್ಯ ಐಜು ಪಟ್ಟಣಕ್ಕೆ ನುಗ್ಗಿತು. ಅಲ್ಲಿನ ಹಿರಿಯ ಅಧಿಕಾರಿ ಸೈಗೊ ತನೊಮೊ ಮನೆಯಲ್ಲಿ ಅವನ ತಾಯಿ, ಹೆಂಡತಿ, ತಂಗಿಯರು, ಐವರು ಹೆಣ್ಣುಮಕ್ಕಳು, ನೆಂಟರು ಸೇರಿ 21 ಜನ ಸತ್ತರು. ಎಳೆಯವರನ್ನು ದೊಡ್ಡವರೇ ಕೊಂದರು. ಕೋಟೆಯಲ್ಲಿ ಹೋರಾಡುವವರಿಗೆ ತಾವು ಭಾರವಾಗಬಾರದು ಎಂಬುದು ಅವರ ಯೋಚನೆ. ಮನೆಯ ಯಜಮಾನ ಸೋಲಿನ ನಂತರವೂ ಬದುಕಿದ, 1903ರಲ್ಲಿ ತೀರಿಕೊಂಡ. ಅವನು ಬದುಕಿದ್ದು ತಪ್ಪೆಂದು ನಾನು ಹೇಳಲಾರೆ. ಸೋತ ಮೇಲೂ ಬದುಕಿದೆ ಎಂದು ತೋರಿಸಿದವನು ಅವನೇ. ಆ ಮಾತು ಮನೆಯ ಹೆಂಗಸರ ಕಿವಿಗೆ ಬೀಳಲಿಲ್ಲ, ಅಷ್ಟೆ.

1876ರಲ್ಲಿ ಸರ್ಕಾರ ಜನ ಕತ್ತಿ ಕಟ್ಟಿಕೊಂಡು ತಿರುಗುವುದನ್ನೇ ನಿಷೇಧಿಸಿತು. ಆದರೂ ಸಾಂಪ್ರದಾಯಿಕ ಮದುವೆಗಳಲ್ಲಿ ಜಪಾನಿನ ವಧು ಸೊಂಟದ ಪಟ್ಟಿಯ ಬಳಿ ಜರಿ ಚೀಲದಲ್ಲಿ ಕೈಕೆನ್ ಸಿಕ್ಕಿಸಿಕೊಳ್ಳುವ ರೂಢಿ ಇಂದಿಗೂ ಇದೆ. ಈಗದು ಬರೀ ಅಲಂಕಾರ.

ಮಾನಕ್ಕಾಗಿ ಪ್ರಾಣ ಬಿಟ್ಟ ಹೆಂಗಸರ ಕಥೆಗಳನ್ನು ನಾನೂ ಎಷ್ಟೋ ವರ್ಷ ಗಂಟಲು ಗದ್ಗದ ಮಾಡಿಕೊಂಡು ಹೇಳಿದವಳೇ. “ವೀರ ಮಹಿಳೆಯರು” ಎಂದು ಬರೆದವರಿಗೆ ಪೂರ್ತಿ ಅಂಕ ಕೊಟ್ಟವಳೇ.

ಮರುದಿನ ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಯಾರಿಗೆ ಭಾರ ಆಗಿದ್ರು ಟೀಚರ್?” ಎಂದಳು.

“ಯಾರಿಗೂ ಅಲ್ಲ ಮಗೂ” ಎಂದೆ. ಈ ಸಲ ಪುಸ್ತಕ ನೋಡಬೇಕಾಗಲಿಲ್ಲ.