ಕಡಿಮೆ ವೆಚ್ಚದ ಜೋಂಬಿ ಚಲನಚಿತ್ರಗಳು

ಕಡಿಮೆ ವೆಚ್ಚದ ಜೋಂಬಿ ಚಲನಚಿತ್ರಗಳು ಎಂದರೆ ಸತ್ತು ಮತ್ತೆ ಎದ್ದ ಅಥವಾ ಸೋಂಕಿನಿಂದ ವಿವೇಕ ಕಳೆದುಕೊಂಡ ಮನುಷ್ಯರನ್ನು ವಸ್ತುವಾಗಿ ಉಳ್ಳ, ಅಲ್ಪ ಬಂಡವಾಳದಲ್ಲಿ ತಯಾರಾದ ಭಯಾನಕ ಚಿತ್ರಗಳು. ಇದು ಭಯಾನಕ ಚಿತ್ರಪ್ರಕಾರದ ಒಂದು ಉಪವಿಭಾಗ. ದುಬಾರಿ ಸೆಟ್ಟುಗಳಾಗಲಿ ಪ್ರಸಿದ್ಧ ತಾರೆಯರಾಗಲಿ ಇಲ್ಲದೆಯೂ ನಿರ್ಮಿಸಬಹುದಾದ ಕಾರಣ ಹೊಸ ನಿರ್ದೇಶಕರು ಈ ಪ್ರಕಾರವನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತಾರೆ. ಇಂತಹ ಚಿತ್ರಗಳ ವಿಮರ್ಶೆಯಲ್ಲಿ ಹಣದ ಕೊರತೆಯಿಂದ ಬಂದ ದೋಷ ಯಾವುದು, ಕಲ್ಪನೆಯ ಕೊರತೆಯಿಂದ ಬಂದ ದೋಷ ಯಾವುದು ಎಂಬ ವಿಂಗಡಣೆ ಮುಖ್ಯವಾಗುತ್ತದೆ. ಕನ್ನಡದಲ್ಲಿ ಜೋಂಬಿಗಿಂತ ದೆವ್ವ, ಪ್ರೇತ ಮತ್ತು ಮಾಟದ ಕಥೆಗಳೇ ಹೆಚ್ಚಾಗಿದ್ದರೂ ಅಲ್ಪ ವೆಚ್ಚದ ಭಯಾನಕ ಚಿತ್ರಗಳಿಗೆ ಇವೇ ಮಾನದಂಡಗಳು ಅನ್ವಯಿಸುತ್ತವೆ.

ಪದ ಮತ್ತು ಕಲ್ಪನೆಯ ಮೂಲ

ಜೋಂಬಿಯ ಕಲ್ಪನೆ ಕೆರಿಬಿಯನ್ ದ್ವೀಪರಾಷ್ಟ್ರವಾದ ಹೈಟಿಯ ಜನಪದ ನಂಬಿಕೆಗಳಿಂದ ಬಂದಿದೆ. ಮಾಂತ್ರಿಕನ ವಶಕ್ಕೆ ಸಿಕ್ಕಿ, ಸ್ವಂತ ಇಚ್ಛೆಯಿಲ್ಲದೆ ದುಡಿಯುವ ಶವ ಎಂಬುದು ಅಲ್ಲಿನ ಮೂಲ ಅರ್ಥ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಜನರ ನೆನಪು ಈ ಕಲ್ಪನೆಯ ಹಿಂದಿದೆ. ಸತ್ತ ಮೇಲೂ ಬಿಡುಗಡೆ ಸಿಗದು ಎಂಬುದೇ ಅದರಲ್ಲಿನ ಭಯ. ವಿಲಿಯಂ ಸೀಬ್ರೂಕ್ 1929ರಲ್ಲಿ ಪ್ರಕಟಿಸಿದ ‘ದಿ ಮ್ಯಾಜಿಕ್ ಐಲ್ಯಾಂಡ್’ ಕೃತಿಯು ಈ ನಂಬಿಕೆಯನ್ನು ಅಮೆರಿಕದ ಓದುಗರಿಗೆ ವ್ಯಾಪಕವಾಗಿ ಪರಿಚಯಿಸಿತು.

ಭಾರತೀಯ ಕಥಾಪರಂಪರೆಯಲ್ಲಿ ಇದಕ್ಕೆ ಸಮೀಪವಾದುದು ಬೇತಾಳ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬರುವ ಬೇತಾಳವು ಸ್ಮಶಾನದ ಹೆಣವನ್ನು ಹೊಕ್ಕು ಮಾತನಾಡುತ್ತದೆ. ಆದರೆ ಬೇತಾಳಕ್ಕೆ ಜಾಣ್ಮೆಯಿದೆ, ಒಗಟು ಕೇಳುವ ಚಾತುರ್ಯವಿದೆ. ಜೋಂಬಿಗೆ ಇವು ಇಲ್ಲ. ಬೇತಾಳ ಒಂಟಿ, ಆಧುನಿಕ ಜೋಂಬಿ ಗುಂಪಿನಲ್ಲಿ ಬರುತ್ತದೆ.

ಇತಿಹಾಸ

ವಿಕ್ಟರ್ ಹಾಲ್ಪೆರಿನ್ ನಿರ್ದೇಶಿಸಿ ಬೆಲಾ ಲುಗೋಸಿ ನಟಿಸಿದ ‘ವೈಟ್ ಜೋಂಬಿ’ (1932) ಪೂರ್ಣ ಪ್ರಮಾಣದ ಮೊದಲ ಜೋಂಬಿ ಚಿತ್ರವೆಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. ಬೇರೆ ಚಿತ್ರಗಳಿಗಾಗಿ ನಿರ್ಮಿಸಿದ್ದ ಸೆಟ್ಟುಗಳನ್ನೂ ಬಳಸಿಕೊಂಡ ಇದರ ಚಿತ್ರೀಕರಣ 11 ದಿನಗಳಲ್ಲಿ ಮುಗಿಯಿತು. ಹೀಗೆ ಈ ಪ್ರಕಾರವು ಆರಂಭದಿಂದಲೇ ಮಿತವ್ಯಯದೊಂದಿಗೆ ಬೆಳೆದಿದೆ.

ಜಾರ್ಜ್ ರೊಮೆರೊ ನಿರ್ದೇಶನದ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಜೋಂಬಿಯ ಇಂದಿನ ರೂಪವನ್ನು ನಿಶ್ಚಯಿಸಿತು. ಪಿಟ್ಸ್‌ಬರ್ಗ್ ನಗರದ ಗೆಳೆಯರು ‘ಇಮೇಜ್ ಟೆನ್’ ಎಂಬ ಸಂಸ್ಥೆ ಕಟ್ಟಿ, ಆರಂಭದಲ್ಲಿ ತಲಾ 600 ಡಾಲರ್ ಹಾಕಿ ಕೆಲಸ ಆರಂಭಿಸಿದರು. ಒಟ್ಟು ವೆಚ್ಚ ಸುಮಾರು 1,14,000 ಡಾಲರ್. ಕಪ್ಪು-ಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಪಾಕವೇ ರಕ್ತವಾಯಿತು. ಕಥೆಯ ಬಹುಭಾಗ ಒಂದು ಹಳೆಯ ತೋಟದ ಮನೆಯೊಳಗೆ ನಡೆಯುತ್ತದೆ. ಚಿತ್ರದ ಸಂಭಾಷಣೆಯಲ್ಲಿ ‘ಜೋಂಬಿ’ ಎಂಬ ಪದವೇ ಇಲ್ಲ. ಕಪ್ಪುವರ್ಣೀಯ ನಟ ಡ್ವೇನ್ ಜೋನ್ಸ್ ನಾಯಕನಾಗಿದ್ದುದು, ಕೊನೆಯಲ್ಲಿ ಆತನನ್ನು ಜೋಂಬಿಯೆಂದು ತಿಳಿದು ಶಸ್ತ್ರಧಾರಿಗಳ ತಂಡ ಗುಂಡಿಕ್ಕುವುದು ಆ ಕಾಲದ ಅಮೆರಿಕದಲ್ಲಿ ಆಳವಾದ ಅರ್ಥ ಪಡೆಯಿತು. 1999ರಲ್ಲಿ ಈ ಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಈ ಚಿತ್ರದ ಹಕ್ಕುಸ್ವಾಮ್ಯದ ಕಥೆ ಸಣ್ಣ ನಿರ್ಮಾಪಕರಿಗೆ ಎಚ್ಚರಿಕೆಯಾಗಿ ಉಳಿದಿದೆ. ವಿತರಕರು ಶೀರ್ಷಿಕೆ ಬದಲಿಸಿದಾಗ ಹಳೆಯ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಂತೆ ಸೂಚನೆಯಿಲ್ಲದ ಕೃತಿ ಸಾರ್ವಜನಿಕ ಸ್ವತ್ತಾಯಿತು. ಚಿತ್ರ ಜಗತ್ತಿನಾದ್ಯಂತ ಗಳಿಸಿದರೂ ಅದನ್ನು ಮಾಡಿದವರಿಗೆ ದೊರೆತ ಪಾಲು ಅಲ್ಪ. ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ರಕ್ಷಣೆಗೆ ಇಂತಹ ಸೂಚನೆಯಾಗಲಿ ನೋಂದಣಿಯಾಗಲಿ ಕಡ್ಡಾಯವಲ್ಲ. ಚಲನಚಿತ್ರಕ್ಕೆ ಪ್ರಕಟಣೆಯ ನಂತರ 60 ವರ್ಷಗಳ ರಕ್ಷಣೆಯಿದೆ.

ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಖರ್ಚು ಮತ್ತಷ್ಟು ಇಳಿಯಿತು. ಈ ಅವಧಿಯ ಕೆಲವು ಪ್ರಮುಖ ಚಿತ್ರಗಳು:

• ‘28 ಡೇಸ್ ಲೇಟರ್’ (2002, ಡ್ಯಾನಿ ಬಾಯ್ಲ್): ಇದರ ಬಜೆಟ್ ಸಣ್ಣದಲ್ಲ. ಆದರೆ ಸಾಮಾನ್ಯ ಡಿಜಿಟಲ್ ವಿಡಿಯೊ ಕ್ಯಾಮೆರಾದಿಂದ ಹೆಚ್ಚಿನ ಭಾಗ ಚಿತ್ರಿಸಿ, ಬೆಳಗಿನ ಜಾವದ ಖಾಲಿ ಲಂಡನ್ ಬೀದಿಗಳನ್ನು ತೋರಿಸಿತು.
• ‘ಕಾಲಿನ್’ (2008, ಮಾರ್ಕ್ ಪ್ರೈಸ್): ಸುಮಾರು 45 ಪೌಂಡ್‌ಗಳಲ್ಲಿ ತಯಾರಾಯಿತೆಂದು ಪ್ರಚಾರ ಪಡೆದ ಈ ಚಿತ್ರವು ಕಥೆಯನ್ನು ಜೋಂಬಿಯ ಕಡೆಯಿಂದಲೇ ಹೇಳುತ್ತದೆ.
• ‘ಪಾಂಟಿಪೂಲ್’ (2008, ಬ್ರೂಸ್ ಮೆಕ್‌ಡೊನಾಲ್ಡ್): ಬಹುತೇಕ ಒಂದು ರೇಡಿಯೊ ಕೇಂದ್ರದೊಳಗೇ ನಡೆಯುತ್ತದೆ. ಇಲ್ಲಿ ಸೋಂಕು ಹರಡುವುದು ಭಾಷೆಯ ಮೂಲಕ.
• ‘ಒನ್ ಕಟ್ ಆಫ್ ದ ಡೆಡ್’ (2017, ಶಿನಿಚಿರೊ ಉಎಡಾ): ಸುಮಾರು 30 ಲಕ್ಷ ಯೆನ್ ವೆಚ್ಚದ ಈ ಜಪಾನಿ ಚಿತ್ರವು 300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು.

ಗುಣ-ದೋಷ ನಿರ್ಣಯದ ಮಾನದಂಡಗಳು

ಧ್ವನಿ

ಪ್ರೇಕ್ಷಕರು ಮಸುಕಾದ ಚಿತ್ರವನ್ನು ಸಹಿಸುತ್ತಾರೆ. ಕೇಳಿಸದ ಮಾತನ್ನು ಸಹಿಸುವುದಿಲ್ಲ. ಅಲ್ಪ ವೆಚ್ಚದ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ. ಕ್ಯಾಮೆರಾದ ಮೈಕನ್ನೇ ನೆಚ್ಚಿದಾಗ ಗಾಳಿ, ವಾಹನ ಮತ್ತು ಪಂಪ್‌ಸೆಟ್ಟಿನ ಸದ್ದು ಸಂಭಾಷಣೆಯನ್ನು ನುಂಗುತ್ತದೆ. ನಂತರ ಮಾಡಿದ ಡಬ್ಬಿಂಗ್ ತುಟಿಚಲನೆಗೆ ಹೊಂದದಿದ್ದರೆ ಭಯದ ದೃಶ್ಯವೂ ನಗೆಗೀಡಾಗುತ್ತದೆ. ಇದಕ್ಕೆ ವಿರುದ್ಧವಾಗಿ ಧ್ವನಿಯನ್ನು ಬಲ್ಲ ನಿರ್ದೇಶಕನಿಗೆ ಅದೇ ಅಗ್ಗದ ಆಯುಧ. ಬಾಗಿಲಿನಾಚೆಯ ಕಾಲೆಳೆತದ ಸದ್ದು ನೂರು ಜೋಂಬಿಗಳ ಕೆಲಸ ಮಾಡಬಲ್ಲದು. ‘ಪಾಂಟಿಪೂಲ್’ನಲ್ಲಿ ಹೊರಗಿನ ಗಲಭೆಯನ್ನು ಪ್ರೇಕ್ಷಕರು ಕಾಣುವುದಕ್ಕಿಂತ ಕೇಳುವುದೇ ಹೆಚ್ಚು.

ಪ್ರಸಾಧನ ಮತ್ತು ಬೆಳಕು

ಜೋಂಬಿಯ ಬಣ್ಣಗಾರಿಕೆ ಈ ಪ್ರಕಾರದ ಮೊದಲ ಪರೀಕ್ಷೆ. ಮುಖಕ್ಕೆ ಬೂದು ಬಣ್ಣ ಬಳಿದು ಕತ್ತು, ಕೈಗಳನ್ನು ಹಾಗೇ ಬಿಡುವುದು, ರಕ್ತದ ಬಣ್ಣ ದೃಶ್ಯದಿಂದ ದೃಶ್ಯಕ್ಕೆ ಬದಲಾಗುವುದು ಸಾಮಾನ್ಯ ತಪ್ಪುಗಳು. ಎಲ್ಲವನ್ನೂ ಪ್ರಖರ ಬೆಳಕಿನಲ್ಲಿ ತೋರಿಸಿದರೆ ಕೊರತೆ ಎದ್ದು ಕಾಣುತ್ತದೆ. ಪೂರ್ಣ ಕತ್ತಲೆಯಲ್ಲಿಟ್ಟರೆ ಏನೂ ಕಾಣುವುದಿಲ್ಲ. ಅರೆಬೆಳಕು, ಹಿಂಬದಿಯ ಬೆಳಕು ಮತ್ತು ದೂರದ ನೋಟಗಳನ್ನು ಹದವಾಗಿ ಬಳಸಿದ ಚಿತ್ರಗಳಲ್ಲಿ ಕೆಲವೇ ಉತ್ತಮ ಪ್ರಸಾಧನಗಳು ಇಡೀ ಗುಂಪನ್ನು ನಂಬುವಂತೆ ಮಾಡುತ್ತವೆ.

ನಿಯಮಗಳ ಸ್ಥಿರತೆ

ಪ್ರತಿ ಜೋಂಬಿ ಚಿತ್ರವೂ ತನ್ನದೇ ನಿಯಮಗಳನ್ನು ಹಾಕಿಕೊಳ್ಳುತ್ತದೆ: ಜೋಂಬಿ ನಡೆಯುತ್ತದೆಯೋ ಓಡುತ್ತದೆಯೋ, ಕಚ್ಚಿದರೆ ಎಷ್ಟು ಹೊತ್ತಿಗೆ ಸೋಂಕು ತಗಲುತ್ತದೆ, ಅದನ್ನು ತಡೆಯುವ ಬಗೆ ಯಾವುದು. ಸಹನಟನನ್ನು ಕ್ಷಣದಲ್ಲಿ ಬದಲಾಯಿಸುವ ಸೋಂಕು ನಾಯಕನಿಗೆ ಮಾತ್ರ ಅರ್ಧ ಗಂಟೆ ಕಾಲಾವಕಾಶ ಕೊಟ್ಟರೆ ಅದು ಚಿತ್ರಕಥೆಯ ದೋಷ. ಇದನ್ನು ಸರಿಪಡಿಸಲು ಹಣ ಬೇಕಿಲ್ಲ. ಆದ್ದರಿಂದ ಬಜೆಟ್ಟಿನ ನೆಪ ಇಲ್ಲಿ ಸಲ್ಲುವುದಿಲ್ಲ.

ಪಾತ್ರ ಮತ್ತು ನಟನೆ

ಅಪರಿಚಿತ ನಟರಿಂದ ಒಂದು ಅನುಕೂಲವಿದೆ: ಯಾರು ಉಳಿಯುತ್ತಾರೆಂದು ಪ್ರೇಕ್ಷಕರು ಊಹಿಸಲಾರರು. ಆದರೆ ಪಾತ್ರಗಳಿಗೆ ಮೊದಲೇ ಸಂಬಂಧ, ಸ್ವಭಾವ, ಜಗಳ ಇರದಿದ್ದರೆ ಅವರ ಸಾವು ಲೆಕ್ಕಕ್ಕೆ ಮಾತ್ರ ಸೇರುತ್ತದೆ. ರೊಮೆರೊ ಚಿತ್ರದಲ್ಲಿ ನೆಲಮಾಳಿಗೆಯಲ್ಲಿ ಅಡಗಬೇಕೋ ಮೇಲೆಯೇ ಕಾದಾಡಬೇಕೋ ಎಂಬ ವಾದ ಹೊರಗಿನ ಶವಗಳಿಗಿಂತ ಹೆಚ್ಚು ಉದ್ವೇಗ ಹುಟ್ಟಿಸುತ್ತದೆ.

ಮಿತಿಯನ್ನು ಕಥೆಯಾಗಿಸುವುದು

‘ಒನ್ ಕಟ್ ಆಫ್ ದ ಡೆಡ್’ 37 ನಿಮಿಷಗಳ ಒಂದೇ ಚಿತ್ರಿಕೆಯಿಂದ ಆರಂಭವಾಗುತ್ತದೆ. ಅದರಲ್ಲಿ ವಿಚಿತ್ರ ಮೌನಗಳು, ಅಸಂಬದ್ಧ ಮಾತುಗಳು, ಅಲುಗಾಡುವ ಕ್ಯಾಮೆರಾ ಇವೆ. ಆ ದೋಷಗಳೆಲ್ಲ ಹೇಗೆ ಉಂಟಾದವೆಂದು ಉಳಿದ ಭಾಗ ತೋರಿಸುತ್ತದೆ. ಕಳಪೆಯೆಂದು ಕಂಡದ್ದು ಒಂದು ತಂಡದ ಶ್ರಮವಾಗಿ ಮಾರ್ಪಡುತ್ತದೆ. ಆರಂಭದಲ್ಲೇ ಎದ್ದುಹೋದ ಪ್ರೇಕ್ಷಕನಿಗೆ ಈ ಚಿತ್ರ ದಕ್ಕುವುದಿಲ್ಲ. ಪೂರ್ತಿ ನೋಡಿ ತೀರ್ಪು ಕೊಡಬೇಕೆಂಬುದಕ್ಕೆ ಇದನ್ನು ಉದಾಹರಿಸಬಹುದು.

ಭಾರತದಲ್ಲಿ

ಭಾರತದಲ್ಲಿ ಅಲ್ಪ ವೆಚ್ಚದ ಭಯಾನಕ ಚಿತ್ರಗಳಿಗೆ ಮಾರುಕಟ್ಟೆ ಕಟ್ಟಿದವರಲ್ಲಿ ರಾಮ್ಸೆ ಸಹೋದರರು ಪ್ರಮುಖರು. ಅವರ ‘ದೋ ಗಜ್ ಜಮೀನ್ ಕೇ ನೀಚೇ’ (1972) ಹೂತ ಶವ ಏಳುವ ಕಥೆಯನ್ನು ಹಿಂದಿಗೆ ತಂದಿತು. ಜೋಂಬಿಯ ಹೆಸರಿನಲ್ಲೇ ಬಂದ ಚಿತ್ರಗಳು 2013ರ ನಂತರ ಹೆಚ್ಚಿದವು. ಆ ವರ್ಷ ಹಿಂದಿಯಲ್ಲಿ ‘ರೈಸ್ ಆಫ್ ದ ಜೋಂಬಿ’ ಮತ್ತು ‘ಗೋ ಗೋವಾ ಗಾನ್’ ತೆರೆಕಂಡವು. ತಮಿಳಿನಲ್ಲಿ ‘ಮಿರುತನ್’ (2016) ಬಂದಿತು. ಪ್ರಶಾಂತ್ ವರ್ಮಾ ನಿರ್ದೇಶನದ ತೆಲುಗು ಚಿತ್ರ ‘ಜೋಂಬಿ ರೆಡ್ಡಿ’ (2021) ಕರ್ನಾಟಕದ ಗಡಿಗೆ ತಾಗಿದ ಕರ್ನೂಲು ಸೀಮೆಯ ಕುಲವೈಷಮ್ಯದ ಕಥೆಗೆ ಜೋಂಬಿಯನ್ನು ಬೆಸೆಯಿತು. ಹೊರಗಿನ ಕಲ್ಪನೆಯನ್ನು ನೆಲದ ಜಗಳದೊಂದಿಗೆ ಹೊಂದಿಸಿದ್ದು ಅದರ ಮುಖ್ಯ ಗುಣ.

ಪ್ರಮಾಣಪತ್ರವೂ ಆದಾಯವನ್ನು ನಿರ್ಧರಿಸುತ್ತದೆ. ರಕ್ತಪಾತ ಹೆಚ್ಚಿದ್ದು ‘ಎ’ ಪ್ರಮಾಣಪತ್ರ ದೊರೆತರೆ, ಪರಿಷ್ಕರಿಸಿ ಮರುಪ್ರಮಾಣೀಕರಿಸದ ಹೊರತು ಆ ಚಿತ್ರವನ್ನು ಟಿವಿ ವಾಹಿನಿಗಳಲ್ಲಿ ಪ್ರಸಾರ ಮಾಡುವಂತಿಲ್ಲ. ಚಿತ್ರಮಂದಿರದ ಗಳಿಕೆ ಅನಿಶ್ಚಿತವಾಗಿರುವ ಸಣ್ಣ ನಿರ್ಮಾಪಕನಿಗೆ ಇದು ದೊಡ್ಡ ನಷ್ಟ. 2023ರ ತಿದ್ದುಪಡಿಯಿಂದ ‘ಯುಎ’ ವರ್ಗವು 7, 13 ಮತ್ತು 16 ವಯಸ್ಸಿನ ಮೂರು ಹಂತಗಳಾಗಿ ವಿಂಗಡಣೆಗೊಂಡಿದೆ.

ಕನ್ನಡದಲ್ಲಿ

ಕನ್ನಡದ ಭಯಾನಕ ಚಿತ್ರಗಳಲ್ಲಿ ‘ನಾ ನಿನ್ನ ಬಿಡಲಾರೆ’ (1979) ಪ್ರೇತಾವೇಶದ ಕಥೆಗೆ ಜನಪ್ರಿಯ ರೂಪ ಕೊಟ್ಟಿತು. ಉಪೇಂದ್ರ ನಿರ್ದೇಶನದ ‘ಶ್!’ (1993) ಚಿತ್ರೀಕರಣಕ್ಕೆ ಹೋದ ತಂಡದ ಸುತ್ತ ಭಯವನ್ನು ಹೆಣೆಯಿತು.

ಕೆ. ಎಸ್. ಅಶೋಕ ನಿರ್ದೇಶಿಸಿದ ‘6-5=2’ (2013) ಅಲ್ಪ ವೆಚ್ಚದ ನಿರ್ಮಾಣಕ್ಕೆ ಕನ್ನಡದಲ್ಲಿ ಮುಖ್ಯ ಉದಾಹರಣೆ. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ದೊರೆತ ದೃಶ್ಯಾವಳಿ ಎಂಬ ರೂಪದಲ್ಲಿ ಚಿತ್ರ ಸಾಗುತ್ತದೆ. ದೊಡ್ಡ ತಾರೆಯರಿಲ್ಲ, ಸೆಟ್ಟುಗಳಿಲ್ಲ. ಕಾಡು ಮತ್ತು ಕತ್ತಲೆಯೇ ಬಂಡವಾಳ. ಅಲುಗಾಡುವ ದೃಶ್ಯ ಇಲ್ಲಿ ದೋಷವಾಗದೆ ಕಥೆಯ ಭಾಗವಾಗಿದೆ. ಈ ತಂತ್ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಚಿತ್ರದ ಮೂಲಕ ಪ್ರಸಿದ್ಧವಾಗಿದ್ದರಿಂದ ಸ್ವಂತಿಕೆಯ ಪ್ರಶ್ನೆ ಉಳಿಯುತ್ತದೆ. ಚಿತ್ರವು 2014ರಲ್ಲಿ ಹಿಂದಿಗೂ ರೂಪಾಂತರಗೊಂಡಿತು. ಅದೇ 2013ರಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ ಜನರಿಂದಲೇ ಹಣ ಸಂಗ್ರಹಿಸಿ ತಯಾರಾಯಿತು. ಅದು ಭಯಾನಕ ಚಿತ್ರವಲ್ಲವಾದರೂ ಸಣ್ಣ ಚಿತ್ರಗಳಿಗೆ ಬಂಡವಾಳದ ಇನ್ನೊಂದು ದಾರಿ ತೋರಿತು.

ಹಾವೇರಿ ಜಿಲ್ಲೆಯ ಸಂದರ್ಭ

ಸ್ಥಳವೇ ಬಂಡವಾಳವಾಗುವ ಇಂತಹ ಚಿತ್ರಗಳನ್ನು ಅಳೆಯುವಾಗ ಆ ಸ್ಥಳದ ಬದುಕನ್ನು ಚಿತ್ರ ಎಷ್ಟು ಅರಿತಿದೆ ಎಂಬುದೂ ಮಾನದಂಡವಾಗುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನ.

ಇಲ್ಲಿ ಅಭಿನಯದ ಪರಂಪರೆ ಗಟ್ಟಿಯಾಗಿದೆ. ಪಂಚಾಕ್ಷರಿ ಗವಾಯಿ ಮತ್ತು ಪುಟ್ಟರಾಜ ಗವಾಯಿ ಇಬ್ಬರೂ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದವರು. ಅವರ ನಾಟಕ ಸಂಘವು ಊರೂರು ಸುತ್ತಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಆಸರೆಯಾಯಿತು. ಅದೇ ತಾಲ್ಲೂಕಿನ ಶೇಷಗಿರಿ ಗ್ರಾಮವು ಹವ್ಯಾಸಿ ರಂಗಭೂಮಿಗೆ ಹೆಸರಾಗಿದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಿರೇಕೆರೂರು ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ ಬಿ. ಸಿ. ಪಾಟೀಲ ಅವರು ‘ಕೌರವ’ (1998) ಚಿತ್ರದ ನಾಯಕರು. ಬಣ್ಣ ಹಚ್ಚಿ, ದೇಹವನ್ನು ಮಣಿಸಿ, ಗುಂಪಿನಲ್ಲಿ ಅಭಿನಯಿಸುವ ಬಯಲಾಟದ ಕೌಶಲ ಜೋಂಬಿ ಪಾತ್ರಕ್ಕೆ ನೇರವಾಗಿ ಒದಗುವಂಥದು.

ಭೂದೃಶ್ಯವೂ ವೈವಿಧ್ಯಮಯ. ಹಾನಗಲ್ಲ ಮತ್ತು ಹಿರೇಕೆರೂರಿನ ಪಶ್ಚಿಮ ಭಾಗಗಳು ಅರೆಮಲೆನಾಡು. ಮುಂಗಾರಿನಲ್ಲಿ ಆಳೆತ್ತರ ಬೆಳೆಯುವ ಗೋವಿನಜೋಳದ ಹೊಲಗಳು ನೋಟವನ್ನು ಕೆಲವೇ ಅಡಿಗಳಿಗೆ ಮಿತಗೊಳಿಸುತ್ತವೆ. ಕಾಣದ ಗುಂಪನ್ನು ಸೂಚಿಸಲು ಸೆಟ್ಟಿನ ಅಗತ್ಯವಿಲ್ಲ. ಸವಣೂರಿನ ದೊಡ್ಡಹುಣಸೆ ಮರಗಳ ಭಾರಿ ಕಾಂಡಗಳು ತಾವೇ ಒಂದು ದೃಶ್ಯ. ಹಾನಗಲ್ಲದ ತಾರಕೇಶ್ವರ ದೇವಾಲಯದಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕಾಗುತ್ತದೆ.

ಸಮಾಧಿಯಿಂದ ಶವ ಏಳುವ ದೃಶ್ಯ ಇಲ್ಲಿ ಸೂಕ್ಷ್ಮ ವಿಷಯ. ಈ ಭಾಗದ ಲಿಂಗಾಯತರಲ್ಲಿ ಶವವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಸಂಪ್ರದಾಯವಿದೆ, ಮುಸ್ಲಿಮರಿಗೆ ಖಬರಸ್ತಾನಗಳಿವೆ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿರುವ ಸಂತ ಶರೀಫರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಗದ್ದುಗೆ ಎಂಬುದು ಇಲ್ಲಿ ಭಯದ ಜಾಗವಲ್ಲ, ಹರಕೆಯ ಜಾಗ. ಪಾಶ್ಚಾತ್ಯ ಚಿತ್ರಗಳ ಸ್ಮಶಾನದ ದೃಶ್ಯವನ್ನು ಹಾಗೆಯೇ ಎತ್ತಿಟ್ಟರೆ ಅದು ನಂಬಿಕೆಗೆ ನೋವುಂಟುಮಾಡುವುದಲ್ಲದೆ, ಸ್ಥಳೀಯ ಪ್ರೇಕ್ಷಕರಲ್ಲಿ ಉದ್ದೇಶಿಸಿದ ಭಯವನ್ನೂ ಹುಟ್ಟಿಸಲಾರದು. ಸೋಂಕನ್ನು ಕಾರಣವಾಗಿಟ್ಟ ಕಥೆಗಳಿಗೆ ಈ ತೊಡಕು ಕಡಿಮೆ.

ಮೌಲ್ಯಮಾಪನದ ಸಾರಾಂಶ

ಕಡಿಮೆ ವೆಚ್ಚದ ಜೋಂಬಿ ಚಿತ್ರಗಳ ಪ್ರಮುಖ ಗುಣಗಳು: ಸ್ವತಂತ್ರ ನಿರ್ಧಾರ, ಹೊಸ ಮುಖಗಳು, ಸಾಮಾಜಿಕ ವಸ್ತುವನ್ನು ಧೈರ್ಯವಾಗಿ ಎತ್ತಿಕೊಳ್ಳುವ ಅವಕಾಶ, ನಿಜವಾದ ಸ್ಥಳಗಳ ಬಳಕೆ. ಪ್ರಮುಖ ದೋಷಗಳು: ಕಳಪೆ ಧ್ವನಿ, ಅಸಮ ಪ್ರಸಾಧನ, ಅನುಕರಣೆ, ನಿಯಮಗಳ ಗೊಂದಲ ಮತ್ತು ದುರ್ಬಲ ಪಾತ್ರಗಳು. ಇವುಗಳಲ್ಲಿ ಪ್ರಸಾಧನ ಮತ್ತು ಧ್ವನಿಯ ಕೊರತೆಗೆ ಹಣದ ಅಭಾವ ಭಾಗಶಃ ಕಾರಣವಾಗಬಹುದು. ಉಳಿದ ಮೂರಕ್ಕೆ ಚಿತ್ರತಂಡವೇ ಹೊಣೆ. ರಿಯಾಯಿತಿಯ ಕಣ್ಣಿನಿಂದ ನೋಡಿ ಎಲ್ಲವನ್ನೂ ಕ್ಷಮಿಸುವುದು, ದೊಡ್ಡ ಚಿತ್ರದ ಅಳತೆಗೋಲಿನಿಂದ ಎಲ್ಲವನ್ನೂ ತಳ್ಳಿಹಾಕುವುದು ಎರಡೂ ಈ ವ್ಯತ್ಯಾಸವನ್ನು ಮರೆಮಾಡುತ್ತವೆ.

ಇವನ್ನೂ ನೋಡಿ

• ಕನ್ನಡ ಚಿತ್ರರಂಗ
• ಭಯಾನಕ ಚಲನಚಿತ್ರ
• ಬೇತಾಳ
• ಹಾವೇರಿ ಜಿಲ್ಲೆ
• ಬಯಲಾಟ